ಪ್ರಸಾರದಲ್ಲಿ ದುಡಿದ ಹಳೇ ಕಂಪ್ಯೂಟರ್‌ಗಳು ಯಾಕಷ್ಟು ಕೈಕೊಡುತ್ತಿದ್ದವು?

ಕಂಟ್ರೋಲ್‌ರೂಮ್:

ಹಳೇ ಟಿವಿ ಸ್ಟುಡಿಯೊಗಳ ಕಂಪ್ಯೂಟರ್ ಬಗ್ಗೆ ಮಾತು ಬಂದಾಗಲೆಲ್ಲ "ಆಗಿನ ಚಿಪ್‌ಗಳೇ ಸರಿಯಿರಲಿಲ್ಲ ಬಿಡಿ" ಅಂತ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ನಾನು ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ವಿಡಿಯೊ ಸ್ಟುಡಿಯೊದಲ್ಲಿ, ಆಮೇಲೆ ಒಂದು ಕೇಬಲ್ ಚಾನೆಲ್ಲಿನಲ್ಲಿ ಮೇಂಟೆನೆನ್ಸ್ ನೋಡಿಕೊಂಡವನು. ಈ ಮಾತನ್ನು ನಾನು ಒಪ್ಪುವುದಿಲ್ಲ. ಪ್ರೊಸೆಸರ್ ಸತ್ತಿದ್ದು ನೋಡಿದ್ದು ತೀರಾ ಅಪರೂಪ. ಕೈಕೊಡುತ್ತಿದ್ದದ್ದು ಅದರ ಸುತ್ತಮುತ್ತ ಇದ್ದದ್ದು. ಕರೆಂಟು, ಕನೆಕ್ಟರ್, ಫ್ಲಾಪಿ, ಮತ್ತೆ ಎಲ್ಲಕ್ಕಿಂತ ಜಾಸ್ತಿ ಕ್ಲಾಕ್, ಅಂದರೆ ಮಷಿನ್ನಿನ ಎಲ್ಲ ಕೆಲಸಕ್ಕೂ ತಾಳ ಹಾಕುವ ಸಿಗ್ನಲ್.

ನಮ್ಮಲ್ಲಿದ್ದದ್ದು ಕಮೊಡೋರ್ ಕಂಪನಿಯ ಅಮಿಗಾ 2000. 1987ರಲ್ಲಿ ಬಂದ ಮಷಿನ್, ಮೊಟೊರೊಲಾ 68000 ಪ್ರೊಸೆಸರ್, ಪ್ಯಾಲ್ (ನಮ್ಮ ದೇಶದ ಟಿವಿ ಸಿಗ್ನಲ್ ಪದ್ಧತಿ) ಮಾದರಿಯಲ್ಲಿ ವೇಗ ಸುಮಾರು 7.09 ಮೆಗಾಹರ್ಟ್ಸ್. ಇವತ್ತಿನ ಲೆಕ್ಕಕ್ಕೆ ಏನೂ ಅಲ್ಲ. ಆದರೆ ಚಿತ್ರದ ಮೇಲೆ ಅಕ್ಷರ ಕೂರಿಸುವ ಅಸಲಿ ಬ್ರಾಡ್‌ಕಾಸ್ಟ್ ಯಂತ್ರಗಳ ಬೆಲೆ ಸಣ್ಣ ಸ್ಟುಡಿಯೊಗಳ ಕೈಗೆ ಎಟುಕುತ್ತಿರಲಿಲ್ಲ, ಅಮಿಗಾ ಎಟುಕುತ್ತಿತ್ತು. ಮದುವೆ ವಿಡಿಯೊ ಮಾಡುವವರಿಂದ ಹಿಡಿದು ಸೀರಿಯಲ್ ಟೈಟಲ್ ಮಾಡುವವರ ತನಕ ಅದನ್ನೇ ನೆಚ್ಚಿಕೊಂಡಿದ್ದರು.

ಇದಕ್ಕೆಲ್ಲ ಮೂಲ ಜೆನ್‌ಲಾಕ್ ಅನ್ನುವ ಉಪಕರಣ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಅರ್ಧ ಕಷ್ಟ ಹುಟ್ಟಿದ್ದೇ ಇಲ್ಲಿ. ಪ್ಯಾಲ್ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಕ್ಯಾಮೆರಾದ ಚಿತ್ರದ ಮೇಲೆ ಕಂಪ್ಯೂಟರಿನ ಅಕ್ಷರ ಅಲುಗಾಡದೆ ನಿಲ್ಲಬೇಕಾದರೆ ಎರಡರ ಗೆರೆಯೂ ಒಂದೇ ಕ್ಷಣಕ್ಕೆ ಶುರುವಾಗಬೇಕು. ಸಾಮಾನ್ಯ ಕಂಪ್ಯೂಟರ್ ತನ್ನೊಳಗಿನ ಕ್ರಿಸ್ಟಲ್ ಹೇಳಿದ ಹಾಗೆ ಓಡುತ್ತದೆ, ಹೊರಗಿನವರ ಮಾತು ಕೇಳುವುದಿಲ್ಲ. ಅಮಿಗಾ ಕೇಳುತ್ತಿತ್ತು. ಅದರ ಹಿಂದಿನ 23 ಪಿನ್ನಿನ ವಿಡಿಯೊ ಕನೆಕ್ಟರಿಗೆ ಜೆನ್‌ಲಾಕ್ ಸಿಕ್ಕಿಸಿದರೆ, ಬರುತ್ತಿರುವ ವಿಡಿಯೊಗೆ ಹೊಂದಿಸಿದ ಕ್ಲಾಕನ್ನು ಅದು ಮಷಿನ್ ಒಳಗೆ ಕಳಿಸುತ್ತಿತ್ತು, ಪ್ರೊಸೆಸರ್ ಸಮೇತ ಇಡೀ ಮಷಿನ್ ಆ ಕ್ಲಾಕ್ ಮೇಲೆ ಓಡುತ್ತಿತ್ತು. ಪರದೆಯಲ್ಲಿ ಸೊನ್ನೆ ನಂಬರಿನ ಬಣ್ಣ ಇದ್ದ ಕಡೆಯೆಲ್ಲ ಕ್ಯಾಮೆರಾ ಚಿತ್ರ, ಉಳಿದ ಕಡೆ ಅಕ್ಷರ.

ಈಗ ಯೋಚನೆ ಮಾಡಿ. ಹೊರಗಿನ ಸಿಂಕ್, ಅಂದರೆ ಗೆರೆ ಶುರುವಾಗುವ ಕ್ಷಣ ಹೇಳುವ ಸಿಗ್ನಲ್, ತಪ್ಪಿದರೆ ಬರೀ ಚಿತ್ರ ಹರಿಯುವುದಿಲ್ಲ, ಕಂಪ್ಯೂಟರೇ ತಾಳ ತಪ್ಪುತ್ತದೆ. ಯು-ಮ್ಯಾಟಿಕ್ ಅನ್ನುವ ಟೇಪ್ ಡೆಕ್ಕಿನ ವಿಡಿಯೊ ನೇರ ಜೆನ್‌ಲಾಕಿಗೆ ಹೋಗುತ್ತಿದ್ದ ಕಡೆ ಯಾರಾದರೂ ರಿವೈಂಡ್ ಒತ್ತಿದರೆ ಸಿಂಕ್ ಕೆಟ್ಟು ಮುಗೀತು.

ಒಂದು ಸಂಜೆ ನೇರ ಪ್ರಸಾರ. ಅತಿಥಿಯ ಹೆಸರಿನ ಪಟ್ಟಿ ಕೆಳಗೆ ಬಂದಿದೆ. ಅದೇ ಹೊತ್ತಿಗೆ ಸ್ವಿಚರ್‌ನಲ್ಲಿ (ಯಾವ ಚಿತ್ರ ಪ್ರಸಾರಕ್ಕೆ ಹೋಗಬೇಕು ಅಂತ ಆರಿಸುವ ಯಂತ್ರ) ಸಿಂಕ್ ಇಲ್ಲದ ಒಂದು ಡೆಕ್ಕಿಗೆ ಕಟ್ ಮಾಡಿದರು. ಮಾನಿಟರ್ ಒಮ್ಮೆ ಅದುರಿತು. ಹೆಸರು ಹೋಯಿತು, ಚಿತ್ರದ ಮೇಲೆ ಅಗಲಕ್ಕೂ ಕೆಂಪು ಚೌಕಟ್ಟು, ಹತ್ತುತ್ತದೆ ಆರುತ್ತದೆ, ಒಳಗೆ "ಸಾಫ್ಟ್‌ವೇರ್ ಫೇಲ್ಯೂರ್", "ಗುರು ಮೆಡಿಟೇಶನ್", ಪಕ್ಕದಲ್ಲಿ ಉದ್ದದ ನಂಬರ್. ಅಮಿಗಾ ಕೆಟ್ಟು ನಿಂತರೆ ಬರುವ ಸಂದೇಶ ಅದು. ಸ್ವಿಚರ್ ಮೇಲಿದ್ದವರು ತಕ್ಷಣ ಬೇರೆ ಕ್ಯಾಮೆರಾಗೆ ಹೋದರು. ಆ ಕೆಲವು ಸೆಕೆಂಡು ಊರೆಲ್ಲ ನೋಡಿತ್ತು. ಅಮೆರಿಕದಲ್ಲೂ ಪ್ರಿವ್ಯೂ ಗೈಡ್ ಅನ್ನುವ ಕೇಬಲ್ ಕಾರ್ಯಕ್ರಮ ಪಟ್ಟಿಯ ಚಾನೆಲ್ ಅಮಿಗಾ ಮೇಲೆಯೇ ನಡೆಯುತ್ತಿತ್ತು, ಅಲ್ಲಿನ ಜನ ಮನೆಯಲ್ಲಿ ಕೂತು ಇದೇ ಕೆಂಪು ಚೌಕಟ್ಟು ನೋಡುತ್ತಿದ್ದರು.

ಇದಕ್ಕೆ ನಾವು ಮಾಡಿಕೊಂಡ ದಾರಿ ಬಹಳ ಸರಳ. ಡೆಕ್ಕಿನ ವಿಡಿಯೊ ಜೆನ್‌ಲಾಕಿಗೆ ಕೊಡುವುದನ್ನೇ ಬಿಟ್ಟೆವು. ಸ್ಟುಡಿಯೊದ ಸಿಂಕ್ ಜನರೇಟರಿನಿಂದ ಬ್ಲ್ಯಾಕ್ ಬರ್ಸ್ಟ್ (ಸಿಂಕ್ ಇರುವ ಬರೀ ಕಪ್ಪು ಚಿತ್ರದ ಸಿಗ್ನಲ್) ಮಾತ್ರ ಕೊಟ್ಟು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹೊರಗೆ ತಗೊಂಡು, ಕೂಡಿಸುವ ಕೆಲಸವನ್ನು ಕಪ್ಪನ್ನು ಬಿಟ್ಟು ಬಿಳಿಯನ್ನು ಮಾತ್ರ ಚಿತ್ರದ ಮೇಲೆ ಕೂರಿಸುವ ಸ್ವಿಚರ್‌ನ ಲೂಮಿನನ್ಸ್ ಕೀಗೆ ಬಿಟ್ಟೆವು. ಅಮಿಗಾ ಆಮೇಲೆ ಟೇಪಿನ ಮುಖವನ್ನೇ ನೋಡಲಿಲ್ಲ. ಅದೇ ಮಷಿನ್, ಅದೇ ಚಿಪ್, ವಾರಗಟ್ಟಲೆ ಸದ್ದಿಲ್ಲದೆ ಓಡಿತು. ಹಾಗಾಗಿ "ನಂಬಲು ಆಗದ ಮಷಿನ್" ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳುವುದು, ಅದಕ್ಕೆ ಏನು ತಿನ್ನಿಸುತ್ತಿದ್ದಿರಿ ಅಂತ.

ನಿಮ್ಮ ಅನುಭವಗಳನ್ನೂ ಬರೆಯಿರಿ. ಈ ಕೆಲಸ ಮಾಡಿದವರು ಕಡಿಮೆ ಆಗುತ್ತಿದ್ದಾರೆ, ಯಾರೂ ಬರೆದಿಟ್ಟಿಲ್ಲ.

ಬಸವನಗುಡಿ_ಹುಡುಗ:

ಸಾರ್, ಓದಿ ಖುಷಿಯಾಯಿತು. ಎರಡು ಪ್ರಶ್ನೆ. ವಿಡಿಯೊ ಟೋಸ್ಟರ್ ಅನ್ನುವ ವಿಡಿಯೊ ಮಿಕ್ಸಿಂಗ್ ಕಾರ್ಡಿನ ಬಗ್ಗೆ ತುಂಬಾ ಓದಿದ್ದೇನೆ, ಅದೂ ಅಮಿಗಾ ಒಳಗೇ ಕೂರುತ್ತಿತ್ತಲ್ಲ, ನಮ್ಮ ಕಡೆ ಯಾರೂ ಬಳಸಲಿಲ್ವಾ? ಇನ್ನೊಂದು, ಕರೆಂಟಿನ ಕಷ್ಟ ಅಂದಿರಿ, ಯುಪಿಎಸ್ ಇರಲಿಲ್ವಾ?

ಕಂಟ್ರೋಲ್‌ರೂಮ್:

ಟೋಸ್ಟರ್ 1990ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ನ್ಯೂಟೆಕ್ ಮಾಡಿದ್ದು. ಅದು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಸಿಗ್ನಲ್ಲಿಗೆ ಮಾತ್ರ. ಅವರ ಬಣ್ಣದ ಮಾಹಿತಿ ಹೊರುವ ಸಬ್‌ಕ್ಯಾರಿಯರ್ ಅಲೆ 3.58 ಮೆಗಾಹರ್ಟ್ಸ್, ನಮ್ಮ ಪ್ಯಾಲ್‌ನದ್ದು 4.43. ಇಡೀ ಕಾರ್ಡಿನ ವಿನ್ಯಾಸವೇ ಅವರ ಲೆಕ್ಕಕ್ಕೆ ಕಟ್ಟಿದ್ದು. ನಮಗೆ ಕೆಲಸಕ್ಕೆ ಬರುತ್ತಿರಲಿಲ್ಲ.

ಇನ್ನು ಕರೆಂಟು. ಸ್ಟುಡಿಯೊದಲ್ಲಿ ಯುಪಿಎಸ್ ಇತ್ತು, ಅದಕ್ಕೂ ಮೊದಲು ಸಿವಿಟಿ ಇತ್ತು. ಕಾನ್‌ಸ್ಟಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್, ಆಗಿನ ಯಾವ ಕಂಪ್ಯೂಟರ್ ರೂಮಿಗೆ ಹೋದರೂ ಮೂಲೆಯಲ್ಲಿ ಗುಂಯ್ ಅಂತ ಸದ್ದು ಮಾಡುತ್ತಾ ಕಾದ ಹೆಂಚಿನಂತೆ ಬಿಸಿಯಾಗಿ ಕೂತಿರುತ್ತಿತ್ತು. ವೋಲ್ಟೇಜ್ ಏರಿಳಿತ ಅದು ಚೆನ್ನಾಗಿ ತಡೆಯುತ್ತಿತ್ತು. ಆದರೆ ಕರೆಂಟ್ ಪೂರ್ತಿ ಹೋದರೆ ಅದರ ಕೈಯಲ್ಲಿ ಏನೂ ಇಲ್ಲ. ಅಗ್ಗದ ಯುಪಿಎಸ್ ಚೌಕ ಅಲೆ ಕೊಡುತ್ತಿತ್ತು. ಬ್ಯಾಟರಿಗೆ ಬದಲಾಗುವ ಆ ಚಿಕ್ಕ ಅಂತರದಲ್ಲಿ ಪವರ್ ಸಪ್ಲೈನ ಕೆಪಾಸಿಟರ್ ಗಟ್ಟಿಯಿದ್ದರೆ ಮಷಿನ್ ಬದುಕುತ್ತಿತ್ತು, ಒಣಗಿದ್ದರೆ ರೀಬೂಟ್. "ಯುಪಿಎಸ್ ಇದ್ದರೂ ಯಾಕೆ ಆಫ್ ಆಗುತ್ತೆ" ಅಂತ ಕೇಳುವವರ ಮಷಿನ್ ತೆರೆದು ನೋಡಿದರೆ ಬಹುತೇಕ ಕೆಪಾಸಿಟರ್ ತಲೆ ಉಬ್ಬಿರುತ್ತಿತ್ತು.

ಆದರೆ ನಿಜವಾದ ಕಾಟ ಅರ್ಥಿಂಗ್. ಯುಪಿಎಸ್ ತಂದರು ಅಂದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುತ್ತಿದ್ದರು. ಅರ್ಥ್ ಪಿಟ್‌ಗೆ ಬೇಸಿಗೆಯಲ್ಲಿ ನೀರು ಹಾಕುವವರಿಲ್ಲ, ಮಣ್ಣು ಒಣಗಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ಏರುತ್ತಿತ್ತು. ಕಂಪ್ಯೂಟರ್ ಒಂದು ಸಾಕೆಟ್ಟಿನಲ್ಲಿ, ಸ್ವಿಚರ್ ಇನ್ನೊಂದು ಫೇಸಿನಲ್ಲಿ, ನಡುವೆ ವಿಡಿಯೊ ಕೇಬಲ್. ಆ ಕೇಬಲ್ಲಿನ ಹೊರಜಾಲರಿಯಲ್ಲಿ ಕರೆಂಟ್ ಹರಿಯುತ್ತಿತ್ತು. ಚಿತ್ರದಲ್ಲಿ ಅಗಲವಾದ ಮಸುಕು ಪಟ್ಟಿ ನಿಧಾನಕ್ಕೆ ಮೇಲೆ ಏರುತ್ತಾ ಹೋಗುವುದು ನೋಡಿದ್ದೀರಲ್ಲ, ಅದೇ. ಇಡೀ ರ್‍ಯಾಕ್ ಒಂದೇ ಫೇಸಿಗೆ ತಂದು, ಒಂದೇ ಅರ್ಥಿಗೆ ಕಟ್ಟಿ, ಪಿಟ್‌ಗೆ ದಿನಾ ನೀರು ಹಾಕಿಸಿದ ಮೇಲೆ ಹ್ಯಾಂಗ್ ಆಗುವುದು ಎಷ್ಟೋ ಕಡಿಮೆಯಾಯಿತು. ಕಂಪ್ಯೂಟರ್ ರಿಪೇರಿ ಅಂತ ಕರೆಸಿಕೊಂಡವನು ಬಕೆಟ್ ನೀರು ಕೇಳಿದಾಗ ಮ್ಯಾನೇಜರ್ ನನ್ನ ಮುಖ ನೋಡಿದರು. ಆದರೆ ಕೆಲಸ ಆಗಿದ್ದು ಅದರಿಂದಲೇ.

ತಲಕಟ್ಟು:

ನಮಸ್ತೆ ಸಾರ್. ನಾನು ಆಗ ಟೈಟ್ಲಿಂಗ್ ಆಪರೇಟರ್. ನೀವು ಮಷಿನ್ ಹಿಂಭಾಗದ ಕಥೆ ಹೇಳಿದಿರಿ, ಮುಂಭಾಗದ್ದು ನಾನು ಹೇಳುತ್ತೇನೆ.

ಕಂಪ್ಯೂಟರ್ ಬರುವ ಮೊದಲು ಕನ್ನಡ ಟೈಟಲ್ ಅಂದರೆ ಕಲಾವಿದರ ಕೈಬರಹ. ಕಪ್ಪು ಕಾರ್ಡಿನ ಮೇಲೆ ಬಿಳಿ ಪೋಸ್ಟರ್ ಕಲರ್, ಅದನ್ನು ಸ್ಟ್ಯಾಂಡಿಗಿಟ್ಟು ಕ್ಯಾಮೆರಾದಲ್ಲಿ ಹಿಡಿಯುವುದು. ಎಷ್ಟು ಚೆಂದದ ಅಕ್ಷರಗಳು! ಅಮಿಗಾ ಬಂತು, ಅದರಲ್ಲಿ ಕನ್ನಡ ಇರಲಿಲ್ಲ. ಸ್ಕ್ಯಾಲಾ ಅನ್ನುವ ನಾರ್ವೆಯ ತಂತ್ರಾಂಶ ಇತ್ತು, ಒಳ್ಳೆಯದೇ, ಆದರೆ ಇಂಗ್ಲಿಷಿಗೆ. ನಾವು ಡಿಲಕ್ಸ್ ಪೇಂಟ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಒಂದೊಂದು ಅಕ್ಷರವನ್ನೂ ಕೈಯಲ್ಲಿ ಬರೆದು ಬ್ರಶ್ (ಬೇಕಾದ ಕಡೆ ಅಂಟಿಸಬಹುದಾದ ಚಿತ್ರದ ತುಣುಕು) ಮಾಡಿ ಸೇವ್ ಮಾಡಿಕೊಂಡೆವು. ಕ ಇಂದ ಳ ತನಕ, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು, ಎಲ್ಲ ಬೇರೆ ಬೇರೆ. "ಕೃಷ್ಣಮೂರ್ತಿ" ಅಂತ ಬರೆಯಬೇಕಾದರೆ ತುಣುಕು ತುಣುಕು ತಂದು ಮೌಸ್‌ನಲ್ಲಿ ಜೋಡಿಸಬೇಕು. ಷ ಕೆಳಗಿನ ಣ ಒತ್ತು ಒಂದು ಚುಕ್ಕೆ ಪಕ್ಕಕ್ಕೆ ಸರಿದರೂ ಟಿವಿಯಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು.

ಪ್ಯಾಲ್‌ನಲ್ಲಿ ಪೂರ್ತಿ ಎತ್ತರ ಬೇಕಾದರೆ ಇಂಟರ್ಲೇಸ್ (ಒಂದು ಫ್ರೇಮಿನ ಬೆಸ ಗೆರೆ, ಸಮ ಗೆರೆಗಳನ್ನು ಎರಡು ಫೀಲ್ಡ್ ಮಾಡಿ ಒಂದಾದ ಮೇಲೊಂದು ತೋರಿಸುವುದು) ಹಾಕಬೇಕು, 640 ಅಗಲ, 512 ಎತ್ತರ, 16 ಬಣ್ಣ. ಇಂಟರ್ಲೇಸ್‌ನಲ್ಲಿ ಒಂದೇ ಗೆರೆ ದಪ್ಪದ ಅಡ್ಡಗೀಟು ಒಂದು ಫೀಲ್ಡಿನಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ, ಹಾಗಾಗಿ ಪಟಪಟ ಅಂತ ಮಿನುಗುತ್ತದೆ. ನಮ್ಮ ಅಕ್ಷರದ ತಲಕಟ್ಟು ಏನು ಹೇಳಿ? ತೆಳು ಅಡ್ಡಗೀಟು! ಇಡೀ ಹೆಸರಿನ ನೆತ್ತಿಯ ಮೇಲೆ ಸಾಲಾಗಿ ಮಿನುಗುತ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ತೊಂದರೆ ಕಾಣುತ್ತಿರಲಿಲ್ಲ. ಕೊನೆಗೆ ತಲಕಟ್ಟನ್ನು ಯಾವತ್ತೂ ಎರಡು ಗೆರೆಗಿಂತ ತೆಳು ಮಾಡಬಾರದು, ಅದರ ಮೇಲೂ ಕೆಳಗೂ ಒಂದೊಂದು ಬೂದು ಗೆರೆ ಎಳೆಯಬೇಕು ಅಂತ ಪದ್ಧತಿ ಮಾಡಿಕೊಂಡೆವು. ಹದಿನಾರು ಬಣ್ಣದಲ್ಲಿ ಮೂರು ಬೂದುಗಳಿಗೇ ಹೋಗುತ್ತಿದ್ದವು. ಆದರೂ ನೋಡುವವರಿಗೆ ಕಣ್ಣುನೋವು ಇರಲಿಲ್ಲ. ಈ ಕೆಲಸದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಇಷ್ಟು ಕಷ್ಟಪಟ್ಟು ಬರೆದದ್ದೆಲ್ಲ ಇದ್ದದ್ದು 880 ಕೆಬಿ ಫ್ಲಾಪಿಯಲ್ಲಿ. ಒಂದು ಡ್ರೈವಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಓದುತ್ತಿರಲಿಲ್ಲ. ಯಾಕೆ ಅಂತ ಸಾರ್ ಹೇಳಲಿ.

ಕಂಟ್ರೋಲ್‌ರೂಮ್:

ತಲಕಟ್ಟಿನ ಬೂದು ಗೆರೆ! ಮೇಡಂ, ಇದನ್ನು ಯಾವ ಪುಸ್ತಕದಲ್ಲೂ ಯಾರೂ ಬರೆದಿರಲಿಕ್ಕಿಲ್ಲ. ನೀವು ಬರೆದದ್ದು ಬಹಳ ಒಳ್ಳೆಯದಾಯಿತು.

ಫ್ಲಾಪಿ ಓದದಿರುವುದು ಹೆಡ್ ಅಲೈನ್‌ಮೆಂಟಿನಿಂದ. ಡಿಸ್ಕನ್ನು ಓದುವ, ಬರೆಯುವ ಹೆಡ್ ಒಳಗೆ ಹೊರಗೆ ಸರಿಯುತ್ತಾ ಸರಿಯುತ್ತಾ ಕೂದಲೆಳೆಯಷ್ಟು ಜಾಗ ಬಿಡುತ್ತದೆ. ತಾನು ಬರೆದದ್ದನ್ನು ತಾನು ಓದುತ್ತದೆ, ಯಾಕೆಂದರೆ ಎರಡರಲ್ಲೂ ಅಷ್ಟೇ ವ್ಯತ್ಯಾಸ. ಪಕ್ಕದ ಡ್ರೈವಿಗೆ ಹಾಕಿದರೆ ಟ್ರ್ಯಾಕ್ ಸಿಗುವುದಿಲ್ಲ. ಅದಕ್ಕೇ ಕಾಪಿ ಮಾಡಿದ ಡಿಸ್ಕನ್ನು ಬೇರೆ ಮಷಿನ್‌ನಲ್ಲಿ ಓದಿ ನೋಡಿದ ಮೇಲೆಯೇ ಲೇಬಲ್ ಅಂಟಿಸಬೇಕು ಅಂತ ನಾನು ಹಟ ಹಿಡಿಯುತ್ತಿದ್ದೆ. ಕಾಪಿ ಇದೆ ಅಂದುಕೊಂಡು ಪ್ರಸಾರದ ಹೊತ್ತಿಗೆ ಕೈ ಹಾಕಿದರೆ ಆಗಲ್ಲ ಅಲ್ವಾ, ಏಳು ಗಂಟೆ ಅಂದರೆ ಏಳೇ ಗಂಟೆ.

ಕಡಲತಡಿ:

ನಾನು ಉಡುಪಿ ಕಡೆಯವ, ಕೇಬಲ್ ಕಂಟ್ರೋಲ್ ರೂಮಿನಲ್ಲಿ ಇದ್ದೆ. ನಮ್ಮ ಕಡೆಯ ಕಥೆಯೇ ಬೇರೆ. ಧೂಳು ಅಷ್ಟಿಲ್ಲ, ಮಳೆ ಮತ್ತು ಉಪ್ಪು ಗಾಳಿ. ಜೂನ್ ಬಂತೆಂದರೆ ಐಸಿ (ಚಿಪ್) ಕಾಲುಗಳು ಕಪ್ಪಾಗುತ್ತಿದ್ದವು, ಕಾರ್ಡ್‌ಗಳ ಅಂಚಿನ ಹಿತ್ತಾಳೆ ಬಣ್ಣ ಮಂಕಾಗುತ್ತಿತ್ತು. ಮಷಿನ್ ಬೆಳಗ್ಗೆ ಏಳುವುದಿಲ್ಲ. ಮುಚ್ಚಳ ತೆಗೆದು ಸಾಕೆಟ್ಟಿನಲ್ಲಿದ್ದ ಒಂದೊಂದೇ ಐಸಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಬಂದರೆ ಎಲ್ಲೋ ಒಂದು ಕಡೆ "ಟಿಕ್" ಅನ್ನುತ್ತಿತ್ತು. ಆನ್ ಮಾಡಿದರೆ ಓಡುತ್ತಿತ್ತು. ಹಗಲು ಕಾಯುವುದು, ರಾತ್ರಿ ಆರುವುದು, ಹಿಗ್ಗಿ ಕುಗ್ಗಿ ಐಸಿ ತಾನಾಗಿಯೇ ಮೇಲೆದ್ದು ಬರುತ್ತಿತ್ತು.

ಕಾರ್ಡಿನ ಅಂಚಿಗೆ ಶಾಲೆ ಮಕ್ಕಳ ರಬ್ಬರು. ಉಜ್ಜಿ, ಪುಡಿ ಝಾಡಿಸಿ, ಸ್ಪಿರಿಟ್ ಒರೆಸಿ ಹಾಕುವುದು. ಟೇಪು ಮತ್ತು ಫ್ಲಾಪಿ ಇಡುವ ಕಪಾಟಿನಲ್ಲಿ ಮಳೆಗಾಲ ಪೂರ್ತಿ ಒಂದು ಸಣ್ಣ ಬಲ್ಬು ಉರಿಯುತ್ತಲೇ ಇರಬೇಕು. ಯಾರಾದರೂ ಕರೆಂಟ್ ಉಳಿಸುತ್ತೇನೆ ಅಂತ ಬಲ್ಬು ಆರಿಸಿದರೆ ಯಕ್ಷಗಾನದ ಕ್ಯಾಸೆಟ್ಟಿಗೆಲ್ಲ ಬಿಳಿ ಬೂಸ್ಟು. ವಿಸಿಆರ್‌ಗಳಲ್ಲಿ "ಡ್ಯೂ" ಅಂತ ದೀಪ ಹತ್ತಿದರೆ ಡ್ರಮ್ ಮೇಲೆ ತೇವ ಕೂತಿದೆ ಅಂತ ಅರ್ಥ. ಅದು ಆರುವ ತನಕ ಟೇಪ್ ಹಾಕುವಂತಿಲ್ಲ, ಹಾಕಿದರೆ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಕಂಪ್ಯೂಟರಿಗೆ ಅಂಥ ದೀಪ ಇರಲಿಲ್ಲ, ಅದೇ ದೊಡ್ಡ ಕೊರತೆ.

ಕಂಟ್ರೋಲ್‌ರೂಮ್:

ಐಸಿ ಮೇಲೆದ್ದು ಬರುವುದು ನಿಮ್ಮ ಕಡೆ ಮಾತ್ರ ಅಲ್ಲ ಅಣ್ಣ. 1980ರ ಆಪಲ್ 3 ಮಷಿನ್‌ಗೂ ಇದೇ ಕಾಯಿಲೆ. ಒಂದೆರಡು ಇಂಚು ಎತ್ತಿ ಮೇಜಿನ ಮೇಲೆ ಬಿಡಿ, ಚಿಪ್‌ಗಳು ಮತ್ತೆ ಕೂರುತ್ತವೆ ಅನ್ನುವ ಸಲಹೆ ಅದರಿಂದಲೇ ಹೆಸರಾಯಿತು. ದಯವಿಟ್ಟು ಯಾರೂ ಎತ್ತಿ ಹಾಕಬೇಡಿ. ಹೆಬ್ಬೆರಳು ಸಾಕು.

ಲಂಡನ್_ಕನ್ನಡಿಗ:

ಇಲ್ಲಿನ ಒಂದು ಮಾತು ಸೇರಿಸುತ್ತೇನೆ. ನಾನು ಹಳೇ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡುವ ಹವ್ಯಾಸದವನು. 1981ರಲ್ಲಿ ಏಕಾರ್ನ್ ಮಾಡಿದ ಮಷಿನ್, 6502 ಪ್ರೊಸೆಸರ್, 2 ಮೆಗಾಹರ್ಟ್ಸ್. ಅದರ ಪರದೆಯ ಮೋಡ್ 7 ಅಂದರೆ ಅಸಲಿ ಟೆಲಿಟೆಕ್ಸ್ಟ್ (ಟಿವಿಯಲ್ಲೇ ಅಕ್ಷರದ ಪುಟ ತೋರಿಸುವ ವ್ಯವಸ್ಥೆ) ಚಿಪ್, ಎಸ್‌ಎಎ5050. ಒಂದು ಸಾಲಿಗೆ 40 ಅಕ್ಷರ, ಇಡೀ ಪರದೆ 1 ಕೆಬಿ ಮೆಮೊರಿಯಲ್ಲಿ. ಬಿಬಿಸಿಯ ಟೆಲಿಟೆಕ್ಸ್ಟ್ ಸೇವೆ ಸೀಫ್ಯಾಕ್ಸ್ 1974ರಲ್ಲಿ ಶುರುವಾಗಿ 2012ರ ತನಕ ನಡೆಯಿತು. ಟಿವಿ ಚಿತ್ರದ ಮೇಲ್ಗಡೆ ಕಾಣದ ಕೆಲವು ಗೆರೆಗಳಿರುತ್ತವಲ್ಲ, ಅದರೊಳಗೆ ಪುಟಗಳು ಸುತ್ತುತ್ತಾ ಬರುತ್ತಿದ್ದವು. ದೆಹಲಿ ದೂರದರ್ಶನವೂ 1985ರಲ್ಲಿ ಟೆಲಿಟೆಕ್ಸ್ಟ್ ಶುರು ಮಾಡಿತ್ತು. ಎಂಬತ್ತರ ದಶಕದಲ್ಲಿ ಭಾರತದ ಶಾಲೆಗಳಿಗೆ ಕ್ಲಾಸ್ ಅನ್ನುವ ಕಂಪ್ಯೂಟರ್ ಕಲಿಕೆಯ ಯೋಜನೆಯಲ್ಲಿ ಹೋದದ್ದೂ ಇದೇ ಬಿಬಿಸಿ ಮೈಕ್ರೊ.

ಇವತ್ತು ಕಪಾಟಿನಿಂದ ತೆಗೆದು ನೇರ ಪ್ಲಗ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಪವರ್ ಸಪ್ಲೈನಿಂದ ಬಿಳಿ ಹೊಗೆ ಬರುವುದು ಬಹಳ ಸಾಮಾನ್ಯ. ಮೇನ್ಸ್ ಬರುವ ಜಾಗದಲ್ಲಿ ಕಾಗದದ ಫಿಲ್ಟರ್ ಕೆಪಾಸಿಟರ್ ಇದೆ. ಅದರ ಪಾರದರ್ಶಕ ಕವಚ ವರ್ಷಗಳಾದಂತೆ ಬಿರುಕು ಬಿಟ್ಟು ತೇವ ಎಳೆದುಕೊಳ್ಳುತ್ತದೆ. ಅದು ಸುಟ್ಟರೂ ಮಷಿನ್ ಓಡುತ್ತಲೇ ಇರುತ್ತದೆ, ಮನೆಯವರು ಮಾತ್ರ ಗಾಬರಿಯಾಗುತ್ತಾರೆ. ಅದನ್ನು ಮೊದಲು ಬದಲಿಸಿ.

ಬಸವನಗುಡಿ_ಹುಡುಗ:

ಪೀಸಿಗಳು ಬಂದ ಮೇಲಾದರೂ ನೆಮ್ಮದಿ ಆಯಿತಾ ಸಾರ್?

ಕಂಟ್ರೋಲ್‌ರೂಮ್:

ಇಲ್ಲ. ಕಷ್ಟದ ರೂಪ ಬದಲಾಯಿತು ಅಷ್ಟೇ. ನನ್ನ ಪ್ರಕಾರ ಜಾಸ್ತಿ ಅಪಾಯಕಾರಿ ಆಯಿತು.

ಕಮೊಡೋರ್ ಕಂಪನಿ 1994ರ ಏಪ್ರಿಲ್‌ನಲ್ಲಿ ಮುಳುಗಿತು. ಬಿಡಿಭಾಗ ಸಿಗದೆ ಒಂದು ಮಷಿನ್ ಕಳಚಿ ಇನ್ನೊಂದಕ್ಕೆ ಹಾಕುತ್ತಾ ಕೆಲವು ವರ್ಷ ತಳ್ಳಿದೆವು. ಆಮೇಲೆ ಪೀಸಿ, ಟಿವಿ ಔಟ್ ಕಾರ್ಡು. ಅಮಿಗಾ ಕೆಟ್ಟರೆ ಕೆಂಪು ಚೌಕಟ್ಟು ತೋರಿಸಿ ತಾನೇ ಹೇಳುತ್ತಿತ್ತು. ಪೀಸಿ ನಿಂತರೆ ಕೊನೆಯ ಚಿತ್ರ ಹಾಗೇ ಪರದೆ ಮೇಲೆ ಉಳಿಯುತ್ತಿತ್ತು. ಜಾಹೀರಾತಿನ ಸ್ಲೈಡು ನಿಂತಿದೆಯೋ ಸತ್ತಿದೆಯೋ ಹೇಗೆ ಗೊತ್ತಾಗಬೇಕು? ರಾತ್ರಿ ಪಾಳಿಯವರು ಮಾನಿಟರ್ ನೋಡುತ್ತಾರೆ, ಚಿತ್ರ ಇದೆ, ಎಲ್ಲ ಸರಿ ಅಂದುಕೊಳ್ಳುತ್ತಾರೆ. ಊರಿನವರು ಫೋನ್ ಮಾಡಿದ ಮೇಲೆಯೇ ತಿಳಿಯುವುದು. ನಾನು ಪ್ರಿವ್ಯೂ ಪರದೆಯ ಮೂಲೆಯಲ್ಲಿ, ಪ್ರಸಾರಕ್ಕೆ ಹೋಗದ ಜಾಗದಲ್ಲಿ, ಸೆಕೆಂಡಿಗೊಮ್ಮೆ ಜಾಗ ಬದಲಿಸುವ ಒಂದು ಚುಕ್ಕೆ ಹಾಕಿಸಿದೆ. ಚುಕ್ಕೆ ನಿಂತರೆ ಮಷಿನ್ ಸತ್ತಿದೆ. ಪಾಳಿಯವರಿಗೆ ಹೇಳಿದ್ದು ಒಂದೇ ಮಾತು, ಚಿತ್ರ ನೋಡಬೇಡಿ, ಚುಕ್ಕೆ ನೋಡಿ.

ವಿಂಡೋಸ್ 95 ಮತ್ತು 98ರಲ್ಲಿ ಇನ್ನೊಂದು ವಿಚಿತ್ರ ಇತ್ತು. ಆನ್ ಆದಾಗಿನಿಂದ ಮಿಲಿಸೆಕೆಂಡ್ ಎಣಿಸುವ ಲೆಕ್ಕ 32 ಬಿಟ್‌ನದ್ದು. 49.7 ದಿನಕ್ಕೆ ಅದು ತುಂಬಿ ಸೊನ್ನೆಗೆ ಬರುತ್ತಿತ್ತು, ಆಗ ಮಷಿನ್ ನಿಲ್ಲಬಹುದಿತ್ತು. ಮೈಕ್ರೊಸಾಫ್ಟ್ ಆಮೇಲೆ ಅದಕ್ಕೆ ತಿದ್ದುಪಡಿ ಕೊಟ್ಟಿತು. ಮನೆಯಲ್ಲಿ ಯಾರು ಅಷ್ಟು ದಿನ ಆಫ್ ಮಾಡದೆ ಬಿಡುತ್ತಾರೆ? ಹಗಲೂ ರಾತ್ರಿ ಸ್ಕ್ರಾಲ್ ಓಡಿಸುವವರಿಗೆ ಮಾತ್ರ ಅದು ನಿಜವಾದ ಭಯ. ವಾರಕ್ಕೊಂದು ರಾತ್ರಿ ಪ್ರಸಾರ ಮುಗಿದ ಮೇಲೆ ನಾವೇ ರೀಬೂಟ್ ಮಾಡುವುದನ್ನು ಕಡ್ಡಾಯ ಮಾಡಿದೆವು.

ಇನ್ನೊಂದು ಸಣ್ಣ ರಿಲೇ (ಕರೆಂಟಿನಿಂದ ಓಡುವ ಸ್ವಿಚ್ಚು) ನಮ್ಮನ್ನು ಬಹಳ ಸಲ ಕಾಪಾಡಿತು. ಟೈಟಲ್ ಮಷಿನ್‌ಗೆ ಕರೆಂಟ್ ಹೋದರೆ ರಿಲೇ ಬಿಟ್ಟುಕೊಂಡು, ಬರುವ ವಿಡಿಯೊ ಮಷಿನ್ ಮುಟ್ಟದೆ ನೇರ ಹೊರಗೆ ಹೋಗುತ್ತಿತ್ತು. ಅಕ್ಷರ ಇರುವುದಿಲ್ಲ, ಆದರೆ ಕಾರ್ಯಕ್ರಮ ಇರುತ್ತದೆ. ಈಗಲೂ ಯಾರಾದರೂ ಸಣ್ಣ ಲೈವ್ ಸೆಟಪ್ ಮಾಡುತ್ತಿದ್ದರೆ ಬೈಪಾಸ್ ದಾರಿ ಇಲ್ಲದೆ ಯಾವ ಕಂಪ್ಯೂಟರನ್ನೂ ಪ್ರಸಾರದ ಮಧ್ಯೆ ಕೂರಿಸಬೇಡಿ.

ಬಸವನಗುಡಿ_ಹುಡುಗ:

ಈಗ ಅಸಲಿ ವಿಷಯ ಹೇಳುತ್ತೇನೆ. ಮುಚ್ಚಿಹೋದ ಒಂದು ಸ್ಟುಡಿಯೊದ ಗುಜರಿಯಿಂದ ಅಮಿಗಾ 2000 ತಂದಿದ್ದೇನೆ, ಜೊತೆಗೆ ಒಂದು ಡಬ್ಬಿ ಫ್ಲಾಪಿ. ಕೆಲವು ಲೇಬಲ್ ಮೇಲೆ "ಕನ್ನಡ ದಪ್ಪ", "ಕನ್ನಡ ಒತ್ತು" ಅಂತ ಪೆನ್ನಲ್ಲಿ ಬರೆದಿದೆ. ಆನ್ ಮಾಡಲಾ?

ಕಂಟ್ರೋಲ್‌ರೂಮ್:

ಬೇಡ! ಪ್ಲಗ್ ಕೈಯಿಂದ ಕೆಳಗಿಡಿ.

ಮೊದಲು ಮುಚ್ಚಳ ತೆಗೆದು ಬ್ಯಾಟರಿ ನೋಡಿ. ಬೋರ್ಡ್ ಮೇಲೆ ಪ್ರೊಸೆಸರ್ ಹತ್ತಿರವೇ ಡ್ರಮ್ಮಿನಾಕಾರದ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋಲ್ಡರ್ ಮಾಡಿರುತ್ತಾರೆ. ಇಷ್ಟು ವರ್ಷಕ್ಕೆ ಅದು ಸೋರಿರುವ ಸಾಧ್ಯತೆಯೇ ಹೆಚ್ಚು. ಹಸಿರು ಬಿಳಿ ಪುಡಿ ಕಂಡರೆ ಕೂಡಲೇ ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ಹತ್ತಿಯಲ್ಲಿ ಬಿಳಿ ವಿನೆಗರ್ ಅದ್ದಿ ಒರೆಸಿ, ಆಮೇಲೆ ಡಿಸ್ಟಿಲ್ಡ್ ವಾಟರ್, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. ಪೂರ್ತಿ ಒಣಗುವ ತನಕ ಮುಟ್ಟಬೇಡಿ.

ಪವರ್ ಸಪ್ಲೈಯನ್ನು ಬೋರ್ಡಿನಿಂದ ಬಿಡಿಸಿ ಬೇರೆಯಾಗಿ ಪರೀಕ್ಷೆ ಮಾಡಿ. ಸುಮ್ನೆ ಖಾಲಿ ಓಡಿಸಬೇಡಿ, 12 ವೋಲ್ಟಿಗೆ ಕಾರಿನ ಬಲ್ಬು, 5 ವೋಲ್ಟಿಗೆ ದಪ್ಪ ರೆಸಿಸ್ಟರ್ ಕಟ್ಟಿ ಮೀಟರ್ ಹಿಡಿಯಿರಿ. ಸಪ್ಲೈ ಒಳಗೆ ಕೈ ಹಾಕುವ ಅನುಭವ ಇಲ್ಲದಿದ್ದರೆ ಹಾಕಲೇಬೇಡಿ, 230 ವೋಲ್ಟ್ ರೆಕ್ಟಿಫೈ ಆದರೆ 325 ವೋಲ್ಟ್ ಹತ್ತಿರ ಆಗುತ್ತದೆ, ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ.

ಫ್ಲಾಪಿಗಳನ್ನು ಆ ಮಷಿನ್‌ಗೆ ಹಾಕಲೇಬಾರದು. ಒಂದೊಂದರ ಲೋಹದ ಬಾಗಿಲು ಸರಿಸಿ, ಡಿಸ್ಕ್ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಬೂಸ್ಟು ಕಂಡದ್ದನ್ನು ಪಕ್ಕಕ್ಕಿಡಿ, ಹೆಡ್ ಅದನ್ನು ಉಜ್ಜಿದರೆ ಡಿಸ್ಕೂ ಹೋಯಿತು, ಹೆಡ್ಡೂ ಹೋಯಿತು. ಚೊಕ್ಕ ಇದ್ದದ್ದನ್ನು ಹಳೇ ಫ್ಲಾಪಿ ಓದಿಸುವ ಗ್ರೀಸ್‌ವೀಜಲ್ ಬೋರ್ಡಿನಲ್ಲಿ ಒಂದು ಮಾಮೂಲಿ ಪೀಸಿ ಫ್ಲಾಪಿ ಡ್ರೈವ್ ಇಟ್ಟು ಓದಿಸಿ. ಅದು ಫೈಲ್ ಹುಡುಕುವುದಿಲ್ಲ, ಡಿಸ್ಕಿನ ಮೇಲಿನ ಕಾಂತದ ಏರಿಳಿತವನ್ನೇ ಹಾಗೇ ಹಾಗೇ ಎತ್ತಿಕೊಳ್ಳುತ್ತದೆ. ಅಲೈನ್‌ಮೆಂಟ್ ತಪ್ಪಿದ ಡಿಸ್ಕಿಗೆ ಮತ್ತೆ ಮತ್ತೆ ಪ್ರಯತ್ನಿಸಲು ಅದೇ ವಾಸಿ.

ತಲಕಟ್ಟು:

ತಮ್ಮಾ, "ಕನ್ನಡ ಒತ್ತು" ಡಿಸ್ಕನ್ನು ಮೊದಲು ಓದಿಸು. ಅದು ನಮ್ಮದೋ ಬೇರೆಯವರದೋ ಗೊತ್ತಿಲ್ಲ, ಯಾರದ್ದಾದರೂ ಸರಿ, ಒಬ್ಬರು ಕೂತು ಒಂದೊಂದು ಚುಕ್ಕೆ ಇಟ್ಟು ಬರೆದದ್ದು. ಫೈಲ್‌ಗಳು ಡಿಲಕ್ಸ್ ಪೇಂಟ್ ಬ್ರಶ್ ಆಗಿದ್ದರೆ ಐಎಫ್‌ಎಫ್ ಅನ್ನುವ ಫೈಲ್ ರೂಪದಲ್ಲಿ ಇರುತ್ತವೆ, ಈಗಿನ ಕಂಪ್ಯೂಟರಿನಲ್ಲೂ ತೆರೆಯಬಹುದು. ತಲಕಟ್ಟು ಎಷ್ಟು ಗೆರೆ ದಪ್ಪ ಇದೆ ಅಂತ ನೋಡಿ ಇಲ್ಲಿ ಹಾಕು.

ಬಸವನಗುಡಿ_ಹುಡುಗ:

ಆಯ್ತು ಅಕ್ಕ. ಬ್ಯಾಟರಿ ಸೋರಿದೆ, ಈಗಷ್ಟೇ ಕತ್ತರಿಸಿ ತೆಗೆದೆ. ಪ್ರೊಸೆಸರ್ ಸಾಕೆಟ್ಟಿನ ಒಂದು ಬದಿ ಹಸಿರಾಗಿದೆ. ಗ್ರೀಸ್‌ವೀಜಲ್ ಆರ್ಡರ್ ಮಾಡಿದ್ದೇನೆ.

ಕಂಟ್ರೋಲ್‌ರೂಮ್:

ಸಾಕೆಟ್ಟನ್ನು ಈಗಲೇ ಕೀಳಬೇಡಿ. ವಿನೆಗರ್ ಕೆಲಸ ಮುಗಿದ ಮೇಲೆ ಬೋರ್ಡಿನ ಎರಡೂ ಬದಿಯ ಫೋಟೊ ಹಾಕಿ, ಬೋರ್ಡಿನ ತಾಮ್ರದ ಗೆರೆಗಳಲ್ಲಿ ಯಾವ ಟ್ರ್ಯಾಕ್ ತಿಂದಿದೆ ಅಂತ ಒಟ್ಟಿಗೆ ನೋಡೋಣ.